ಹೊದ್ದು ನೋಡ್ರಿ, ಆಮ್ಯಾಲ ಬೈರಿ

ಟಿವಿ ಆರಿಸಿದ ಕೂಡಲೇ ಅದರೊಳಗಿನ ಜನ ಹೊರಟುಹೋಗುತ್ತಾರೆ ಎಂದು ನೀವು ತಿಳಿದಿದ್ದರೆ ನಿಮ್ಮ ಮನೆಯಲ್ಲಿ ಟಿವಿ ಇಲ್ಲ ಎಂದೇ ಅರ್ಥ. ಜನ ಹೋಗುತ್ತಾರೆ, ಅವರ ಮಾತು ಹೋಗುವುದಿಲ್ಲ. ನಮ್ಮ ಮನೆಯನ್ನೇ ನೋಡಿ. ನನಗೂ ನನ್ನ ಹೆಂಡತಿ ಶೈಲಾಳಿಗೂ ಜಗಳ ಕಾವೇರಿದ ಹೊತ್ತಿನಲ್ಲೇ ಕುಕ್ಕರು ಸೀಟಿ ಹೊಡೆದರೆ ಅವಳು, "ಈಗ ಒಂದು ಸಣ್ಣ ಬ್ರೇಕ್, ಎಲ್ಲೂ ಹೋಗಬ್ಯಾಡ್ರಿ," ಎಂದು ಹೇಳಿ ಅಡುಗೆಮನೆಗೆ ನಡೆಯುತ್ತಾಳೆ. ನಾನು ಎಲ್ಲೂ ಹೋಗುವುದಿಲ್ಲ. ಬೇಳೆ ಇಳಿಸಿ ಬಂದು, ಎಲ್ಲಿಗೆ ನಿಲ್ಲಿಸಿದ್ದಳೋ ಸರಿಯಾಗಿ ಅಲ್ಲಿಂದಲೇ ಮುಂದುವರಿಸುತ್ತಾಳೆ. ನಮ್ಮ ಮಗಳು ಪ್ರಾಜಕ್ತಾ, ಅಂದರೆ ಪ್ರಾಜು, ಕಾಲೇಜಿಗೆ ಹೋಗುವವಳು. ಹಾಲು ಉಕ್ಕಿದರೆ ಒಲೆ ಆರಿಸುವ ಕೆಲಸ ಅವಳದಲ್ಲ. ವಾರ್ತೆ ಓದುವವರ ಗಂಟಲಿನಲ್ಲಿ, "ಯಾ ಕ್ಷಣಾಚೀ ಸಗಳ್ಯಾತ ಮೋಠೀ ಬಾತಮೀ," ಎಂದು ಘೋಷಿಸುವುದಷ್ಟೇ ಅವಳ ಕೆಲಸ. ಈ ಕ್ಷಣದ ಅತಿ ದೊಡ್ಡ ಸುದ್ದಿಯನ್ನು ಒರೆಸುವವರು ಬೇರೆ ಇದ್ದಾರೆ. ಹೆಚ್ಚಾಗಿ ನಾನೇ.

ಇಂಥ ಮಾತುಗಳನ್ನು ಮೊದಲು ಆಡಿದವರು ಯಾರು ಎಂದು ನಾವು ಕೇಳುವುದಿಲ್ಲ. ಬಾಯಿಗೆ ಬಂತು, ಅಂದೆವು, ನಕ್ಕೆವು. ಪ್ರಾಜು ಒಮ್ಮೆ ಮೊಬೈಲು ತಿಕ್ಕುತ್ತ, ಹೆಸರಾದ ಟಿವಿ ಮಾತುಗಳು ಹುಟ್ಟಿದ ಕಥೆಗಳನ್ನು ಓದಿ ಹೇಳಿದಳು. ಒಬ್ಬ ನಟ ಬರೆದುಕೊಟ್ಟದ್ದನ್ನು ಮರೆತು ಬಾಯಿಗೆ ಬಂದದ್ದನ್ನು ಒದರಿದನಂತೆ, ಅದೇ ಊರೆಲ್ಲ ಆಯಿತಂತೆ. ಇನ್ನೊಬ್ಬನಿಗೆ ಮುಖಕ್ಕೆ ಬಣ್ಣ ಹಚ್ಚುವವನು ಗೊಣಗಿದ್ದು ಕಿವಿಗೆ ಬಿತ್ತಂತೆ. ಮತ್ತೊಬ್ಬ ಬರಹಗಾರನಿಗೆ ಹಲ್ಲುಜ್ಜುವಾಗ ಹೊಳೆಯಿತಂತೆ. ಹಲ್ಲುಜ್ಜುವಾಗ ನನಗೆ ಹೊಳೆಯುವುದು ಪೇಸ್ಟು ಮುಗಿಯಿತು ಎಂಬುದೊಂದೇ. ಹಾಗಾಗಿ ಈ ಕಥೆಗಳನ್ನು ಕೇಳಿ ಹೊಟ್ಟೆ ತುಂಬ ನಕ್ಕು ಅಂಗಡಿಗೆ ಹೋದೆ. ಆಗ ನನಗೇನು ಗೊತ್ತಿತ್ತು, ಇಂಥದೇ ಒಂದು ಮಾತಿನ ಹುಟ್ಟು ಹುಡುಕಲು ಹೋಗಿ ನಾನು ಹೆತ್ತ ತಾಯಿಯನ್ನೇ ಮನೆ ಬಿಡಿಸುತ್ತೇನೆಂದು!

ಸೋಲಾಪುರದ ಪೇಟೆಯಲ್ಲಿ ನಮ್ಮದು ಚಾದರ, ಟಾವೆಲ್ಲುಗಳ ಅಂಗಡಿ. ಅಪ್ಪ ಹಾಕಿದ್ದು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು, ಆದರೆ ಅಂಗಡಿ ಇವತ್ತಿಗೂ ನಡೆದಿರುವುದು ಅಪ್ಪನ ಒಂದು ಮಾತಿನ ಮೇಲೆ. ಗಿರಾಕಿ ಚಾದರ ಮುಟ್ಟಿ, ಮೂಗು ಮುರಿದು, ಬಣ್ಣ ಹೋಗುತ್ತದೇನೋ, ತೂಕ ಕಡಿಮೆಯೇನೋ ಎಂದು ರಾಗ ತೆಗೆದ ಕೂಡಲೇ ಅಪ್ಪ ವಾದಕ್ಕೆ ಇಳಿಯುತ್ತಿರಲಿಲ್ಲ. ಗಾದಿಯಿಂದ ಎದ್ದು, ಚಾದರದ ಘಡಿ ಬಿಚ್ಚಿ, ಗಿರಾಕಿಯ ಹೆಗಲ ಮೇಲೆ ಹೊದಿಸಿಬಿಡುತ್ತಿದ್ದ. "ಮೊದಲ ಹೊದ್ದು ನೋಡ್ರಿ, ಆಮ್ಯಾಲ ಬೈರಿ!" ಮಂಗಳವೇಢೆಯ ಕಡೆಯಿಂದ ಜೋಳ ಮಾರಿ ಬಂದ ರೈತರು ಬಿರುಬೇಸಗೆಯ ಮಟಮಟ ಮಧ್ಯಾಹ್ನ ದಪ್ಪ ಚಾದರ ಹೊದ್ದು ಬೆವರು ಸುರಿಸುತ್ತ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊದ್ದವರು ಬೈದದ್ದನ್ನು ಮಾತ್ರ ಕಂಡಿಲ್ಲ. ನಮ್ಮ ಕಡೆ ಮರ್ಯಾದೆ ಮಾಡುವುದೆಂದರೆ ಹೆಗಲ ಮೇಲೆ ಬಟ್ಟೆ ಹಾಕುವುದು. ಒಬ್ಬರು ಹಾಕಿದ್ದನ್ನು ತೆಗೆದು ಅವರ ಕೈಗೇ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅಪ್ಪ ಅದನ್ನು ಚೆನ್ನಾಗಿ ಬಲ್ಲವನಾಗಿದ್ದ.

ಈ ಮಾತು ಅಪ್ಪನ ಬಾಯಲ್ಲಿ ಗಿರಾಕಿಗೆ ತಕ್ಕ ಭಾಷೆಯಲ್ಲಿ ಬರುತ್ತಿತ್ತು. ತಡವಳದಿಂದ ಬಂದವರಿಗೆ ಕನ್ನಡದಲ್ಲಿ, ಊರಿನ ಬಾಬುಗಳಿಗೆ ಮರಾಠಿಯಲ್ಲಿ, ಇನ್ನು ಕೆಲವರಿಗೆ ನಮ್ಮ ಕಡೆಯ ದಖನಿಯಲ್ಲಿ. ತೆಲುಗಿನಲ್ಲೂ ಹೇಗೋ ಒಂದು ನಮೂನೆ ಹೇಳುತ್ತಿದ್ದ. ತೆಲುಗಿನವರು ಅರ್ಥವಾಗದೆ ಗಾಬರಿಯಿಂದ ಹೊದ್ದುಕೊಳ್ಳುತ್ತಿದ್ದರು. ಅಪ್ಪನ ನಂತರ ನಾನೂ ಗಾದಿಯ ಮೇಲೆ ಕುಳಿತು ಅದನ್ನೇ ಮುಂದುವರಿಸಿದೆ. ಅಪ್ಪನಷ್ಟು ಬರಲಿಲ್ಲ ನಿಜ. ಅಪ್ಪ ಹೊದಿಸಿದರೆ ಗಿರಾಕಿಗೆ ಹಾರ ಹಾಕಿದಂತೆ ಇರುತ್ತಿತ್ತು, ನಾನು ಹೊದಿಸಿದರೆ ಒಮ್ಮೊಮ್ಮೆ ಗಿರಾಕಿಯ ಚಷ್ಮಾ ಕೆಳಗೆ ಬೀಳುತ್ತದೆ. ಆದರೂ ಅಂಗಡಿ ನಡೆಯಿತು.

ಕಳೆದ ಮಳೆಗಾಲದಲ್ಲಿ ಒಂದು ಮರಾಠಿ ಹಾಸ್ಯ ಧಾರಾವಾಹಿ ಶುರುವಾಯಿತು. ಅದರಲ್ಲೊಬ್ಬ ಅಂಗಡಿಕಾರ ಮಾವ. ಮೀಸೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಯಾರೇ ತಕರಾರು ತೆಗೆಯಲಿ, ಅವರ ಮೇಲೊಂದು ಚಾದರ ಎಸೆದು, "ಆಧೀ ಪಾಂಘರೂನ ಬಘಾ, ಮಗ ಶಿವ್ಯಾ ದ್ಯಾ!" ಎನ್ನುತ್ತಾನೆ. ಮೊದಲು ಹೊದ್ದು ನೋಡಿ, ಆಮೇಲೆ ಬೈಯಿರಿ! ಅಳಿಯ ಜಗಳಕ್ಕೆ ಬಂದರೂ ಚಾದರ, ಪೊಲೀಸಿನವನು ಬಂದರೂ ಚಾದರ. ಹಿಂದೆ ಯಾರೋ ಕಾಣದ ಜನ ಗೊಳ್ಳೆಂದು ನಗುತ್ತಾರೆ. ಮೊದಲ ದಿನ ಕೇಳಿದಾಗ ನಾವೆಲ್ಲ ಊಟಕ್ಕೆ ಕುಳಿತಿದ್ದೆವು. ನನ್ನ ಕೈಯೊಳಗಿನ ಭಾಕರಿ ಕೈಯಲ್ಲೇ ಉಳಿಯಿತು. ಪಕ್ಕದಲ್ಲಿ ಕುಳಿತಿದ್ದ ಅವ್ವ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಪ್ಪತ್ತು ದಾಟಿದ ಮುದುಕಿ, ಟಿವಿ ಎಂದರೆ ಮೂಗು ಮುರಿಯುವವಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಾಳೆ! ನಾನು ಭಾಕರಿ ಎತ್ತಿ ಹಿಡಿದು ಕೂಗಿದೆ, "ಏ, ಇದು ನಮ್ಮಪ್ಪನ ಮಾತು! ನಮ್ಮಪ್ಪನ ಮಾತ ಕದ್ದಾರ ಇವರು!" ಅವ್ವ ನಗುವುದನ್ನು ನಿಲ್ಲಿಸಿದಳು. ಅಪ್ಪನ ನೆನಪಾಗಿರಬೇಕು ಎಂದುಕೊಂಡೆ.

ತಿಂಗಳೊಪ್ಪತ್ತಿನಲ್ಲಿ ಆ ಮಾತು ಊರಿಗೆ ಊರನ್ನೇ ಹಿಡಿಯಿತು. ರಿಕ್ಷಾಗಳ ಬೆನ್ನ ಮೇಲೆ ಬಂತು, ಕಾಲೇಜಿನ ಕಟ್ಟೆಗಳ ಮೇಲೆ ಬಂತು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನಮಗೆ ಮಾಲು ಕೊಡುವ ಮಗ್ಗದ ಸೇಟ್‌ಜಿಗೆ, ಈ ಸಲ ನೇಯ್ಗೆ ಸಡಿಲಾಗಿದೆಯೆಂದು ನಾನು ದೂರಲು ಹೋದರೆ, ಅವನು ನನ್ನ ಚಾದರವನ್ನು ನನ್ನ ಮೇಲೇ ಹೊದಿಸಿ ಅದೇ ಮಾತು ಹೇಳಿದ! ಅಂಗಡಿಯಲ್ಲಂತೂ ನನ್ನ ಪಾಡು ಕೇಳಬೇಡಿ. ನಾನು ಚಾದರ ಬಿಚ್ಚಿ ಬಾಯಿ ತೆರೆದರೆ ಸಾಕು, ಗಿರಾಕಿಗಳು ಕಿಸಕ್ಕೆಂದು ನಗತೊಡಗಿದರು. ಹುಡುಗ ಹುಡುಗಿಯರು ಬಂದು, "ಕಾಕಾ, ತೋ ಡೈಲಾಗ್ ಮಾರಾ ನಾ," ಎಂದು ಆ ಮಾತು ಹೇಳಿಸಲು ಮೊಬೈಲು ಹಿಡಿಯುತ್ತಿದ್ದರು. ನಾನು ಹೊದಿಸಿ, ಹೇಳಿ, ತೋರಿಸಿದ ಮೇಲೆ ಚಾದರ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಒಬ್ಬ ಗಿರಾಕಿಯಂತೂ ಹೆಗಲ ಮೇಲಿನ ಚಾದರ ಸರಿಸಿ, "ಏನ್ರೀ ಸಾವಕಾರ್ರ, ನೀವೂ ಟಿವಿಯವರದು ಕಾಪಿ ಹೊಡ್ಯಾಕ ಹತ್ತೀರಲ್ರಿ," ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಕಾಪಿ ಹೊಡೆದವನು ನಾನಂತೆ!

ಹಾಗಾದರೆ ಈ ಮಾತು ನಮ್ಮ ಗಾದಿಯಿಂದ ಟಿವಿಗೆ ಹೋದದ್ದು ಹೇಗೆ? ನಾನು ಯೋಚಿಸಿದೆ. ಯೋಚಿಸಿದಷ್ಟೂ ನೆನಪು ನಿಚ್ಚಳವಾಗುತ್ತ ಹೋಯಿತು. ಕೆಲವು ವರ್ಷಗಳ ಹಿಂದೆ ಪುಣೆಯ ಕಡೆಯವನೊಬ್ಬ ಚಷ್ಮಾ ಹಾಕಿಕೊಂಡವನು ಬಂದು ಚಾದರ ಒಯ್ದಿದ್ದ. ಮೊದಲ ಸಲ ಈ ಕಥೆ ಹೇಳಿದಾಗ ಅವನು ಬರೀ ಚಷ್ಮಾದವನಾಗಿದ್ದ. ಎರಡನೆಯ ಸಲ ಹೇಳುವಾಗ ಅವನ ಜೇಬಿಗೆ ಪೆನ್ನು ಬಂತು. ಆಮೇಲೆ ಗಡ್ಡ ಬಂತು, ಹೆಗಲಿಗೆ ಜೋಳಿಗೆ ಬಂತು. ಪೇಟೆಯ ಎಲ್ಲ ಅಂಗಡಿಗಳಿಗೂ ಹೇಳಿ ಮುಗಿಸುವಷ್ಟರಲ್ಲಿ ಅವನು ನಮ್ಮ ಗಾದಿಯ ಮೇಲೆ ಕುಳಿತು, ಚಹಾ ಕುಡಿದು, ತೊಡೆ ತಟ್ಟಿ, "ವಾ! ಕಾಯ ವಾಕ್ಯ ಆಹೇ!" ಎಂಥ ವಾಕ್ಯ ಎಂದು ಅದನ್ನು ಅಂಗೈ ಮೇಲೆ ಬರೆದುಕೊಂಡು ಹೋಗಿದ್ದ. ನಾನು ಸುಳ್ಳು ಹೇಳಲಿಲ್ಲ. ಹೇಳುತ್ತ ಹೇಳುತ್ತ ಅದು ನನಗೇ ಖರೆ ಅನ್ನಿಸುತ್ತ ಹೋಯಿತು.

ಈ ಸುದ್ದಿ ಒಂದು ಸ್ಥಳೀಯ ಪತ್ರಿಕೆಯವನ ಕಿವಿಗೂ ಬಿತ್ತು. ಬಂದ, ಕೇಳಿದ, ಫೋಟೋ ತೆಗೆದುಕೊಂಡ. ಮೂರನೆಯ ಪುಟದಲ್ಲಿ ಗಂಧದ ಹಾರ ಹಾಕಿದ ಅಪ್ಪನ ಫೋಟೋ, ಅದರ ಕೆಳಗೆ ಚಾದರ ಹಿಡಿದು ನಿಂತ ನಾನು. ಟಿವಿಯ ಆ ಮಾತು ಹುಟ್ಟಿದ್ದು ಸೋಲಾಪುರದ ಈ ಅಂಗಡಿಯಲ್ಲಿ, ಇವರ ತಂದೆಯ ಬಾಯಲ್ಲಿ ಎಂದು ಮರಾಠಿಯಲ್ಲಿ ದಪ್ಪ ಅಕ್ಷರಗಳು. ನಾನು ಪೇಪರಿನ ಒಂದು ಕಟ್ಟನ್ನೇ ಕೊಂಡು ಬೀಗರಿಗೆಲ್ಲ ಹಂಚಿದೆ. ಅವ್ವನಿಗೆ ಮರಾಠಿ ಓದಲು ಬರುವುದಿಲ್ಲ, ಅವಳು ಕಲಿತದ್ದು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ. ಹಾಗಾಗಿ ಪ್ರಾಜು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದಳು. ಅವ್ವ ಕೊನೆಯತನಕ ಕೇಳಿದಳು. "ಮುಗೀತೇನು?" ಎಂದಳು. "ಮುಗೀತಜ್ಜಿ," ಎಂದಳು ಪ್ರಾಜು. ಅವ್ವ ಎದ್ದು ಒಳಗೆ ಹೋದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಮಾತು ಬಿಡುವುದೆಂದರೆ ಪೂರಾ ಬಿಡಲಿಲ್ಲ, ದಾರಿ ಬದಲಿಸಿದಳು. ನಾನು ಎದುರಿಗೇ ಕುಳಿತಿದ್ದರೂ, "ಪ್ರಾಜೂ, ನಿಮ್ಮಪ್ಪಗ ಹೇಳು, ನೀರ ಕಾದಾವ," ಎನ್ನುವಳು. ನಾನೂ, "ಪ್ರಾಜೂ, ನಿಮ್ಮಜ್ಜಿಗೆ ಹೇಳು, ಬಂದ್ನಿ," ಎನ್ನುವೆ. ಪ್ರಾಜು ಎರಡು ದಿನ ಈ ಕೆಲಸ ಮಾಡಿ, "ಮಲಾ ಪಗಾರ ಪಾಹಿಜೇ," ಎಂದು ಸಂಬಳ ಕೇಳಿ ಕಾಲೇಜಿಗೆ ಹೋದಳು. ನನಗೆ ಅವ್ವನ ಸಿಟ್ಟಿನ ಕಾರಣ ಬೇಕಾಗಿತ್ತು. ಪೇಪರನ್ನು ತಿರುಗಿ ತಿರುಗಿ ನೋಡಿದೆ. ಅಪ್ಪನ ಫೋಟೋದ ಪಕ್ಕದಲ್ಲೇ ಮೂಲವ್ಯಾಧಿಗೆ ರಾಮಬಾಣ ಎಂಬ ಜಾಹೀರಾತಿತ್ತು. ಇದೇ! ಗಂಡನನ್ನು ಇಂಥದರ ಪಕ್ಕದಲ್ಲಿ ಕೂರಿಸಿದರೆ ಯಾವ ಹೆಂಡತಿಗೆ ಸಿಟ್ಟು ಬರುವುದಿಲ್ಲ? ಪ್ರಾಯಶ್ಚಿತ್ತವಾಗಿ ಅಪ್ಪನ ಫೋಟೋಕ್ಕೆ ಹೊಸ ಹಾರ ತಂದು ಹಾಕಿದೆ. ಅವ್ವ ಹಾರ ನೋಡಿದಳು, ನನ್ನನ್ನು ನೋಡಿದಳು, ಊಟ ಬೇಡ ಎಂದಳು.

ಹಾಗಾದರೆ ಟಿವಿಯೇ ಕಾರಣ. ಅಪ್ಪನ ಮಾತನ್ನು ಆ ಓರೆ ಮೀಸೆಯವನು ನಗೆಪಾಟಲು ಮಾಡುವುದನ್ನು ಅವಳಿಂದ ನೋಡಲಾಗುತ್ತಿಲ್ಲ ಎಂದು ತೀರ್ಮಾನಿಸಿ, ಧಾರಾವಾಹಿ ಶುರುವಾಗುವ ಹೊತ್ತಿಗೆ ಟಿವಿ ಆರಿಸಿ ರಿಮೋಟನ್ನು ಜೇಬಿನಲ್ಲಿ ಇಟ್ಟುಕೊಂಡೆ. ಅವಳ ಕೋಣೆಯ ಬಾಗಿಲು ದಡ್ಡೆಂದು ಮುಚ್ಚಿಕೊಂಡಿತು. ಶೈಲಾ ಹಣೆ ಬಡಿದುಕೊಂಡಳು. "ಅಲ್ರೀ, ಅತ್ತಿಯವರು ಬಾಗಲಾ ಒಂಚೂರು ತಗದು ದಿನಾ ಅದನ್ನ ನೋಡ್ತಿದ್ರು. ಅದನ್ನೂ ಬಂದ್ ಮಾಡಿದ್ರೆಲಾ!" ನನಗೆ ತಲೆ ಕೆಟ್ಟುಹೋಯಿತು. ಧಾರಾವಾಹಿ ಬೇಕು, ಮಗ ಬೇಡ. ಇದು ಯಾವ ನ್ಯಾಯ, ನೀವೇ ಹೇಳಿ.

ಮರುದಿನ ನಾನು ಅಂಗಡಿಯಿಂದ ಊಟಕ್ಕೆ ಬರುವಷ್ಟರಲ್ಲಿ ಅವ್ವ ಮನೆಯಲ್ಲಿರಲಿಲ್ಲ. ಎರಡು ಸೀರೆ, ಜಪದ ಸರ, ಗುಳಿಗೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡು, "ಅಕ್ಕಲಕೋಟಕ್ಕ ಹೋಗಾಕತ್ತೀನಿ, ನನ್ನ ತಮ್ಮನ ಮನಿಗೆ," ಎಂದು ಶೈಲಾಳಿಗೆ ಹೇಳಿ ಎಸ್‌ಟಿ ಬಸ್ಸು ಹತ್ತಿ ಹೋಗಿದ್ದಳು. ತವರುಮನೆ! ಪಂಚಮಿ ಹಬ್ಬಕ್ಕೆ ಕರೆದರೂ ಒಂದೆರಡು ದಿನ ಇದ್ದು, ನನ್ನ ಮನಿ ಏನಾತೋ ಎಂದು ಓಡಿ ಬರುವವಳು. ರಾತ್ರಿ ಮಾಮಾನ ಫೋನು ಬಂತು. "ಅಕ್ಕ ಆರಾಮ ಅದಾಳ ಬಸು. ಆದರ ಸೋಲಾಪುರಕ್ಕ ಬರೂದಿಲ್ಲ ಅಂತಾಳ." ಎಷ್ಟು ದಿನ ಎಂದು ಕೇಳಿದೆ. "ದಿನದ ಸುದ್ದಿ ಎತ್ತವಲ್ಲಳು," ಎಂದ ಮಾಮಾ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಓಣಿಯವರು, "ಅವ್ವಾರು ಕಾಣವಲ್ಲರಲ್ರಿ?" ಎಂದು ಕೇಳುವುದಿರಲಿ, ಅದಕ್ಕೆ ಏನಾದರೊಂದು ಹೇಳಬಹುದು. ಮನೆ ಬಿಕೋ ಎನ್ನುತ್ತಿತ್ತು. ಚಪ್ಪಲಿ ಒಳಗೆ ತಂದರೆ ಬೈಯುವವರಿಲ್ಲ, ಸ್ನಾನಕ್ಕೆ ತಡವಾದರೆ ಬೈಯುವವರಿಲ್ಲ. ಬೈಗುಳವಿಲ್ಲದೆ ಊಟ ರುಚಿಸುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಅವ್ವ ಒಮ್ಮೆ ಬರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡರೆ ಬರುವುದೇ ಇಲ್ಲ, ಆ ಹಟ ನನಗೆ ಗೊತ್ತು; ಅದರಲ್ಲಿ ಅರ್ಧ ನನಗೂ ಬಂದಿದೆ. ಶೈಲಾ ಹೇಳಿದಳು, "ಐತವಾರ ನೀವ ಹೋಗಿ ಕರಕೊಂಡ ಬರ್ರಿ. ಸಿಟ್ಟೀಲೆ ತವರಿಗೆ ಹೋದವರು ತಾವಾಗೆ ಬರೂದಿಲ್ಲ. ಮನಿಯವರು ಹೋಗಿ ಕರೀಬೇಕು, ಅಲ್ಲಿಯವರು ಉಡಿ ತುಂಬಿ ಕಳಸಬೇಕು. ಮತ್ತ ಬರಿಗೈಲೆ ಹೋಗಬ್ಯಾಡ್ರಿ, ಒಂದ ಚಲೋ ಖಣ ಒಯ್ರಿ." ಖಣ ಎಂದರೆ ಕುಪ್ಪಸದ ಬಟ್ಟೆ. ಉಡಿ ತುಂಬಲು ಅದೇ ಬೇಕು; ನಮ್ಮಲ್ಲಿ ಗಂಡ ತೀರಿದವಳಿಗೂ ತವರಿನ ಉಡಿ ತಪ್ಪುವುದಿಲ್ಲ. ಆದರೆ ನಾನು ಸ್ವಂತ ಬುದ್ಧಿ ಇದ್ದವನಲ್ಲವೇ? ಖಣ ಯಾರು ಬೇಕಾದರೂ ಒಯ್ಯುತ್ತಾರೆ ಎಂದು, ಅಂಗಡಿಯ ಎಲ್ಲಕ್ಕಿಂತ ಮೇಲಿನ ಚಾದರ ತೆಗೆದು ಕಟ್ಟಿಕೊಂಡು ಹೊರಟೆ.

ಅಕ್ಕಲಕೋಟದಲ್ಲಿ ಗುಡಿಯ ಹತ್ತಿರ ಮಾಮಾನದು ಕಾಯಿ-ಕರ್ಪೂರದ ಅಂಗಡಿ, ಹಿಂದುಗಡೆಯೇ ಮನೆ. ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಇನ್ನಷ್ಟು ಜೋರಾಗಿ ಕೇರಿದಳು. ನಾನು ಎದುರಿಗೆ ಕುಳಿತು ದಾರಿಯುದ್ದಕ್ಕೂ ತಯಾರು ಮಾಡಿಕೊಂಡ ತಪ್ಪೊಪ್ಪಿಗೆ ಶುರು ಮಾಡಿದೆ. "ಅವ್ವಾ, ಆ ಜಾಹೀರಾತು ನಾ ಹಾಕ್ಸಿದ್ದಲ್ಲ." ಅವ್ವ ಪಕ್ಕದಲ್ಲಿದ್ದ ಮಾಮಿಯ, ಅಂದರೆ ಮಾಮಾನ ಹೆಂಡತಿಯ, ಕಡೆ ತಿರುಗಿ, "ಯಾವ ಜಾಹೀರಾತು ಅಂತ ಕೇಳವಾ," ಎಂದಳು. ಮೂಲವ್ಯಾಧಿಯದು ಎಂದೆ. ಮಾಮಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. "ನನ್ನ ಫೋಟೋ ಅಪ್ಪನಕಿಂತ ದೊಡ್ಡದ ಬಂತು, ಅದು ಪೇಪರಿನವನ ತಪ್ಪು," ಎಂದೆ. ಮೊರ ನಿಲ್ಲಲಿಲ್ಲ. "ಟಿವಿ ಬಂದ್ ಮಾಡಿದ್ದು ತಪ್ಪಾತು. ಉಪ್ಪಿಟ್ಟಿನ್ಯಾಗ ಉಪ್ಪಿಲ್ಲ ಅಂದಿದ್ನೆಲ್ಲ, ಅದೂ ತಪ್ಪಾತು." ಹಿಂದಿನ ವರ್ಷದ ಕೆಲವು ತಪ್ಪುಗಳನ್ನೂ ಸೇರಿಸಿದೆ. ಬೇಕಾದರೆ ಇರಲಿ ಎಂದು ಮುಂದೆ ಮಾಡಬಹುದಾದ ಒಂದೆರಡನ್ನೂ ಸೇರಿಸಿದೆ. ಅವ್ವ ಹಾಳು ಶೇಂಗಾ ಆರಿಸಿ ಒಂದು ಕಡೆ ಒಗೆಯುತ್ತಿದ್ದಳು, ನನ್ನ ಮುಖ ನೋಡಲಿಲ್ಲ.

ಇನ್ನು ಉಳಿದದ್ದು ಚಾದರವೊಂದೇ. ಎದ್ದೆ, ಘಡಿ ಬಿಚ್ಚಿದೆ, ಅವ್ವನ ಹೆಗಲ ಮೇಲೆ ಹೊದಿಸಿದೆ. ಇಷ್ಟು ವರ್ಷಗಳ ರೂಢಿ, ಕೈ ಹೊದಿಸಿದರೆ ಬಾಯಿ ಸುಮ್ಮನಿರುವುದಿಲ್ಲ. "ಮೊದಲ ಹೊದ್ದು ನೋಡವಾ, ಆಮ್ಯಾಲ ಬೈ," ಎಂದುಬಿಟ್ಟೆ. ಮೊರ ನಿಂತಿತು. ಅಂಗಡಿಯ ಕಡೆಯ ಬಾಗಿಲಲ್ಲಿ ನಿಂತಿದ್ದ ಮಾಮಾ ಬಿದ್ದು ಬಿದ್ದು ನಗತೊಡಗಿದ. "ಅಲ್ಲೋ ಬಸು, ಆಕಿ ಮಾತ ಆಕಿಗೇ ಮಾರಾಕ ಬಂದೀ ಏನೋ!"

ನನಗೆ ತಿಳಿಯಲಿಲ್ಲ. ಮಾಮಾ ಬಂದು ಕಟ್ಟೆಯ ಮೇಲೆ ಕುಳಿತ. ಆಮೇಲೆ ಅವನು ಹೇಳಿದ್ದು ಇದು. ನಮ್ಮಪ್ಪ ಅವ್ವನನ್ನು ನೋಡಲು ಈ ಮನೆಗೇ ಬಂದಿದ್ದ, ಜೊತೆ ಅವನ ದೊಡ್ಡ ಕಾಕಾ. ಆ ಕಾಕಾ ಎಂದರೆ ಹೆಣ್ಣು ನೋಡಲು ಹೋದಲ್ಲೆಲ್ಲ ಏನಾದರೊಂದು ಕೊರತೆ ಹುಡುಕಿ ಏಳುವವನು. ತಾಟಿನಲ್ಲಿ ಭಾಕರಿ, ಶೇಂಗಾ ಚಟ್ನಿ ಬಂತು. ಶೇಂಗಾ ಕೊಂಚ ಹೆಚ್ಚು ಹುರಿದಿತ್ತು. ಕಾಕಾ ಬೆರಳಿನಿಂದ ಚಟ್ನಿ ಸರಿಸಿ, "ಇದೇನ್ರೀ, ಕರ್ರಗಾಗೈತಿ. ಹುಡಿಗಿ ಕೈ ಹಿಂಗೇನು?" ಎಂದ. ಹೆಣ್ಣಿನ ಕಡೆಯವರು ತಲೆ ತಗ್ಗಿಸಿದರು. ಕಾಕಾ ತಾಟು ಸರಿಸಿ ಏಳುವುದರಲ್ಲಿದ್ದ. ಆಗ ಬಾಗಿಲ ಹಿಂದಿನಿಂದ, ಬಾಯಿ ಬಿಡಬಾರದ ಹುಡುಗಿ ಬಾಯಿ ಬಿಟ್ಟಳು. "ಮೊದಲ ತಿಂದು ನೋಡ್ರಿ, ಆಮ್ಯಾಲ ಬೈರಿ."

"ಮನ್ಯಾಗ ಎಲ್ಲಾರ ಜೀವಾನೇ ಹೋತು," ಎಂದ ಮಾಮಾ. "ಇನ್ನ ಸೋಯರಿಕಿ ಮುರೀತು ಅಂತ ನಮ್ಮಪ್ಪ ಕಣ್ಣ ಮುಚ್ಚಿದ. ನಿಮ್ಮಪ್ಪ ಇದ್ದಾಂವ ಸುಮ್ಮನ ಒಂದ ತುತ್ತ ತಿಂದ, ಇನ್ನೊಂದ ತಿಂದ. ಕಾಕಾನ ತಾಟಿಂದೂ ತಗೊಂಡು ತಿಂದ. ಆಮ್ಯಾಲ ಬಾಗಲಾ ಕಡೆ ನೋಡಿ, 'ಬೈಯಾಕ ಏನೂ ಸಿಗವಲ್ದು,' ಅಂದ. ಅಲ್ಲೇ ಪಕ್ಕಾ ಆತು." ಅವ್ವ ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನೊಡನೆ ಬಾಯಿ ತೆರೆದಳು. "ಅಷ್ಟೇನ ಹೊತ್ತಿರಲಿಲ್ಲ ಚಟ್ನಿ. ಇಂವ ಸುಳ್ಳ ಹೇಳ್ತಾನ." ಮದುವೆಯಾದ ಮೇಲೆ ಅಪ್ಪ ಅಂಗಡಿ ಹಾಕಿದ. ತಿನ್ನುವುದನ್ನು ಹೊದೆಯುವುದು ಮಾಡಿಕೊಂಡು ಗಾದಿಯ ಮೇಲೆ ಕುಳಿತ. ಇಷ್ಟೇ ಆ ಮಾತಿನ ಹುಟ್ಟು.

ಎದೆಯ ಮೇಲಿನ ಭಾರ ಸರ್ರನೆ ಇಳಿದ ಹಾಗಾಯಿತು. ನಾಚಿಕೆಯೂ ಆಯಿತು, ಆದರೆ ಸಮಾಧಾನವೇ ಹೆಚ್ಚು. ಅವ್ವನಿಗೆ ನನ್ನ ಮೇಲೆ ಬೇಸರ ಬಂದು ಬಾಳೇ ಸಾಕಾಗಿದೆಯೇನೋ ಎಂದು ಹೆದರಿದ್ದೆ. ಹಾಗೇನೂ ಇಲ್ಲ, ಸಿಟ್ಟಷ್ಟೇ! ಅದೂ ಎಂಥ ನ್ಯಾಯವಾದ ಸಿಟ್ಟು! "ಅಲ್ಲವಾ, ಇದು ನಿನ್ನ ಮಾತು ಅಂತ ಒಂದ ಸಲಾ ಹೇಳಬಾರದೇನು?" ಎಂದೆ. ಅವ್ವ ಈಗ ನನ್ನನ್ನು ನೇರವಾಗಿ ನೋಡಿದಳು. "ನೀ ಕೇಳಿದೇನು? ಪ್ಯಾಟ್ಯಾಗಿನವರಿಗೆಲ್ಲಾ ಹೇಳಿದಿ. ಪೇಪರಿನವಗ ಹೇಳಿದಿ. ಯಾಂವೋ ಚಷ್ಮಾದಾಂವ, ಗಡ್ಡದಾಂವ ಅಂದಿ. ಮನ್ಯಾಗ ಮಗ್ಗಲಾಗ ಕುಂತಾಕಿನ್ನ ಒಂದ ಮಾತ ಕೇಳಿದೇನು, ಮೂಳಾ?" ಮೂಳಾ ಎಂದಳು! ಆ ಬೈಗುಳ ಕೇಳಿ ನನಗೆ ಕಣ್ಣು ತುಂಬಿ ಬಂತು. ಪೇಪರಿನವನಿಗೆ ಹೇಳಿ ಅವಳ ಹೆಸರು ಹಾಕಿಸುತ್ತೇನೆ, ಫೋಟೋನೂ ಹಾಕಿಸುತ್ತೇನೆ ಎಂದೆ. "ಫೋಟೋ ಬ್ಯಾಡೋ ಯಪ್ಪಾ," ಎಂದಳು ಅವ್ವ ಗಾಬರಿಯಿಂದ. "ಅವರು ಹಾರಾ ಹಾಕೇ ಹಾಕ್ತಾರ."

ಹೊರಡುವಾಗ ಮಾಮಿ ಉಡಿ ತುಂಬಲು ತಾಟು ತಂದಳು. ಅಕ್ಕಿ ಇತ್ತು, ಕಾಯಿ ಇತ್ತು. "ಖಣ ಎಲ್ಲಿ?" ಎಂದಳು. ನಾನು ಚಾದರದ ಕಡೆ ನೋಡಿದೆ. ಮಾಮಿ ನನ್ನ ಕಡೆ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಮಾಮಾ ಪಕ್ಕದ ಅಂಗಡಿಗೆ ಹೋಗಿ ಖಣ ತಂದ. ಅವ್ವ ಉಡಿ ಕಟ್ಟಿಕೊಂಡು, ಆ ಬಿಸಿಲಲ್ಲೂ ಚಾದರ ಹೆಗಲ ಮೇಲಿಂದ ಇಳಿಸದೆ ಎಸ್‌ಟಿ ಹತ್ತಿದಳು. ಊರು ದಾಟಿದ ಮೇಲೆ ಅಂಚು ಹಿಡಿದು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ನೇಯ್ಗಿ ಸಡಲ ಐತಿ. ಮಗ್ಗದವ ನಿನಗ ಟೋಪಿ ಹಾಕ್ಯಾನ," ಎಂದಳು. ಆಮೇಲೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಇಷ್ಟು ನಿರಾಳವಾಗಿ ನಾನು ಯಾವ ಪ್ರಯಾಣವನ್ನೂ ಮಾಡಿಲ್ಲ.

ಈಗ ಎಲ್ಲ ಮೊದಲಿನಂತಾಗಿದೆ. ಅವ್ವ ಈಗ ಪಡಸಾಲೆಯಲ್ಲೇ, ಟಿವಿಯ ಎದುರು ಕುಳಿತು ಧಾರಾವಾಹಿ ನೋಡುತ್ತಾಳೆ. ಓರೆ ಮೀಸೆಯವನು ಆ ಮಾತು ಹೇಳಿದಾಗ, "ಚಲೋ ಹೇಳ್ತಾನ, ಬಸ್ಯಾಗಿಂತ ಚಲೋ," ಎನ್ನುತ್ತಾಳೆ. ಟಿವಿಗೆ ಅದು ಹೇಗೆ ಹೋಯಿತೆಂದು ನಾನು ಈಗ ಕೇಳುವುದಿಲ್ಲ. ಎಷ್ಟು ಮನೆಗಳ ಬಾಗಿಲ ಹಿಂದೆ ಎಷ್ಟು ಹುಡುಗಿಯರು ಏನೇನು ಹೇಳಿದ್ದಾರೋ ಯಾರಿಗೆ ಗೊತ್ತು. ಒಂದನ್ನು ಮಾತ್ರ ಕೇಳದೆ ಇರಲಾಗಲಿಲ್ಲ. ಮೊನ್ನೆ ಊಟಕ್ಕೆ ಕುಳಿತಾಗ, "ಅವ್ವಾ, ನಿನ್ನ ಮಾತ ತಗೊಂಡು ಅಪ್ಪ ಇಡೀ ಜಲ್ಮ ವ್ಯಾಪಾರ ಮಾಡಿದ. ಇದು ನಿಂದು ಅಂತ ಯಾರ ಮುಂದರೆ ಹೇಳಿದ್ನೇನು?" ಎಂದೆ. ಅವ್ವ ನನ್ನ ತಾಟಿಗೆ ಚಟ್ನಿ ಹಾಕುತ್ತ, ಬಹಳ ಸಾದಾ ಸುದ್ದಿ ಹೇಳುವವಳಂತೆ ಹೇಳಿದಳು, "ನನ್ನ ಮುಂದ ಹೇಳ್ತಿದ್ರಲ್ಲ. ದಿನಾ ಅಂಗಡಿ ಮುಚ್ಚಿ ಬಂದು ಕೈಕಾಲ ತೊಳಕೊಂಡು, 'ಇವತ್ತೂ ನಿನ್ನ ಮಾತ ಮಾರಿ ಬಂದ್ನಿ ನೋಡು,' ಅಂತಿದ್ರು. ಆಮ್ಯಾಲೇ ಉಣ್ಣಾಕ ಕೂಡ್ತಿದ್ರು."

ಅಪ್ಪ ಅಂಗಡಿಯಲ್ಲಿ ಆಡುತ್ತಿದ್ದ ಮಾತನ್ನು ಬಾಯಿಪಾಠ ಮಾಡಿ ಊರಿಗೆಲ್ಲ ಸಾರಿದವನು ನಾನು. ಅಪ್ಪ ಮನೆಗೆ ಬಂದು ಆಡುತ್ತಿದ್ದ ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ನಿನ್ನೆ ಅಂಗಡಿ ಮುಚ್ಚಿ ಬರುವಾಗ, ಶೈಲಾಳಿಗೂ ಹೀಗೆ ಒಳ್ಳೆಯದೊಂದು ಮಾತು ಹೇಳಲೇಬೇಕು ಎಂದು ನಿಶ್ಚಯ ಮಾಡಿಕೊಂಡೆ. ಕೈಕಾಲು ತೊಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ಭಾಕರಿ ಬಡಿಯುತ್ತಿದ್ದಳು. "ಶೈಲಾ," ಎಂದೆ. ತಿರುಗಿ ನೋಡಿದಳು. ನನಗೆ ಮುಂದೇನೂ ತೋಚದೆ ಅವಳನ್ನೇ ನೋಡುತ್ತ ನಿಂತೆ. ಅವಳು ಹಿಟ್ಟಿನ ಕೈಯ ಹಿಂಭಾಗದಿಂದ ನನ್ನ ಹಣೆ ಮುಟ್ಟಿ, "ಯಾಕ್ರೀ, ಆರಾಮ ಇಲ್ಲೇನು? ಡಾಕ್ಟರ ಕಡೆ ಹೋಗೂಣೇನು?" ಎಂದಳು. ಮುಖದಲ್ಲಿ ನಿಜವಾದ ಗಾಬರಿ. ಆರಾಮ ಇದ್ದೇನೆ ಎಂದೆ, ನಂಬಲಿಲ್ಲ. ಕೊನೆಗೆ, "ಪಲ್ಯ ಏನ ಮಾಡೀದಿ?" ಎಂದು ಕೇಳಿದೆ. ಆಗ ಅವಳಿಗೆ ಜೀವದಲ್ಲಿ ಜೀವ ಬಂತು.